ಪೊಟೊಸಿ ಬೆಳ್ಳಿ ಗಣಿ ಟೂರ್: ಟಂಕಸಾಲೆಗೆ ಐದು ಸ್ಟಾರ್, ಗಣಿಗೆ ಮೂರು, ಯಾಕೆ ಅಂತ ಕೆಳಗಿದೆ

ಬೊಲಿವಿಯಾಗೆ ಹೋಗೋರೆಲ್ಲ ಉಯುನಿ ಉಪ್ಪಿನ ಬಯಲಿಗೆ ಹೋಗ್ತಾರೆ, ನಮ್ಮನೆಯವರೂ ಅದಕ್ಕೇ ಹಟ ಹಿಡಿದಿದ್ದು. ದಾರೀಲೇ ಸಿಗತ್ತಲ್ಲ, ಎರಡು ದಿನ ಪೊಟೊಸೀಲಿ ಇಳ್ಕೊಳೋಣ ಅಂದಿದ್ದು ನಾನು. ನಮ್ ತಾತ ಕೆಜಿಎಫ್ ಗಣೀಲಿ ಗುಮಾಸ್ತರಾಗಿದ್ರು, ಶಾಫ್ಟು, ಕೇಜು, ಸೈನೈಡ್ ದಿಬ್ಬ ಅಂತ ಕಥೆ ಕೇಳ್ಕೊಂಡೇ ಬೆಳೆದಿದ್ದು ನಾವು. ಆದ್ರೆ ಅದು 2001ರಲ್ಲಿ ಮುಚ್ಚೇ ಹೋಯ್ತು, ನಾನು ಒಂದ್ಸಲಾನೂ ಒಳಗೆ ಇಳೀಲಿಲ್ಲ. ಇಲ್ಲಿ ನೋಡಿದ್ರೆ 1545ರಿಂದ ಅಗೀತಾ ಇರೋ ಬೆಟ್ಟ, ಇವತ್ತೂ ಅಗೀತಾನೇ ಇದಾರೆ, ಟೂರಿಸ್ಟ್‌ನೂ ಒಳಗೆ ಬಿಡ್ತಾರೆ ಅಂದಾಗ ಬಿಡೋಕಾಗ್ಲಿಲ್ಲ.

ಮೊದಲೇ ಹೇಳ್ಬಿಡ್ತೀನಿ, ಊರಿರೋದು 4,000 ಮೀಟರ್‌ಗಿಂತ ಮೇಲೆ. ಸುಕ್ರೆಯಿಂದ ಬಸ್ಸಲ್ಲಿ ಮೂರು ಗಂಟೆ. ಇಳಿದು ಹೋಟೆಲ್ ಮೆಟ್ಟಿಲು ಹತ್ತೋಷ್ಟರಲ್ಲಿ ನಂಗೆ ತಿರುಪತಿ ಬೆಟ್ಟ ಓಡ್ಕೊಂಡು ಹತ್ತಿದಂಗಾಗಿತ್ತು. ಮೊದಲ ದಿನ ಗಣಿಗೆ ಹೋಗ್ಲೇಬೇಡಿ. ಕೋಕಾ ಎಲೆ ಹಾಕಿದ ಟೀ ಕೊಡ್ತಾರೆ, ಕುಡಿದು ಸುಮ್ನೆ ಟಂಕಸಾಲೆ ನೋಡ್ಕೊಂಡು ಬನ್ನಿ.

ಈ ಟಂಕಸಾಲೆ, ಅಂದ್ರೆ ಕಾಸಾ ದೆ ಲಾ ಮೊನೆದಾ, ನಿಜವಾಗ್ಲೂ ದುಡ್ಡಿಗೆ ಮೋಸ ಇಲ್ಲ. ಈಗಿರೋ ಕಟ್ಟಡ ಮುಗಿದಿದ್ದು 1773ರಲ್ಲಿ, ಒಂದು ಇಡೀ ಬ್ಲಾಕ್ ಇದೆ, ಗೋಡೆ ದಪ್ಪ ನೋಡಿದ್ರೆ ಕೋಟೆ ಅನ್ಬೇಕು. ನೀವಾಗೇ ಸುತ್ತೋ ಹಾಗಿಲ್ಲ, ಗೈಡ್ ಜೊತೇನೇ ಹೋಗ್ಬೇಕು. ಒಳಗಡೆ ಥಂಡಿ ಅಂದ್ರೆ ಥಂಡಿ, ಹೊರಗೆ ಬಿಸಿಲಿದೆ ಅಂತ ಸ್ವೆಟರ್ ಬಿಟ್ಟು ಹೋಗಿ ನಾನು ನಡುಗ್ತಾ ನಿಂತಿದ್ದೆ.

ನಂಗೆ ಕಣ್ಣಲ್ಲಿ ಉಳ್ಕೊಂಡಿದ್ದು ಬೆಳ್ಳಿ ಗಟ್ಟೀನ ತೆಳ್ಳಗೆ ಪಟ್ಟಿ ಮಾಡೋ ಮರದ ಯಂತ್ರ. ಮೇಲಿನ ಅಂತಸ್ತಲ್ಲಿ ಮರದ ಹಲ್ಲಿನ ಚಕ್ರಗಳು, ಒಂದೊಂದೂ ನನಗಿಂತ ಎತ್ತರ, ಎಲ್ಲಾ ಸ್ಪೇನಿನಿಂದ ತಂದಿದ್ದು. ಹಲ್ಲುಗಳು ಸವೆದು ನುಣ್ಣಗಾಗಿವೆ. ಕೆಳಗಿನ ಅಂತಸ್ತಿಗೆ ಇಳಿದ್ರೆ ಆ ಚಕ್ರಗಳನ್ನ ತಿರುಗಿಸೋ ಕಂಬಾನ ಹೇಸರಗತ್ತೆಗಳು ಸುತ್ತಿಸ್ತಾ ಇದ್ದ ಜಾಗ. ಥೇಟ್ ನಮ್ಮ ಎಣ್ಣೆ ಗಾಣ, ಎತ್ತಿನ ಬದ್ಲು ಹೇಸರಗತ್ತೆ, ಎಣ್ಣೆ ಬದ್ಲು ಬೆಳ್ಳಿ. ಅಲ್ಲಿ ಒತ್ತಿದ ನಾಣ್ಯದ ಮೇಲೆ ಪೊಟೊಸಿ ಗುರುತಿಗೆ ಪಿ, ಟಿ, ಎಸ್, ಐ ನಾಲ್ಕೂ ಅಕ್ಷರ ಒಂದರ ಮೇಲೊಂದು ಕೂತಿರತ್ತೆ, ಡಾಲರ್ ಚಿಹ್ನೆ ಹುಟ್ಟಿದ್ದೇ ಇದರಿಂದ ಅಂತ ಗೈಡ್ ಎದೆ ಉಬ್ಬಿಸ್ಕೊಂಡು ಹೇಳಿದ್ರು, ಒಪ್ಪೋರೂ ಇದಾರೆ ಒಪ್ಪದೇ ಇರೋರೂ ಇದಾರೆ, ಆದ್ರೆ ನಾಣ್ಯ ನೋಡಿದ್ರೆ ಹೌದಲ್ವಾ ಅನ್ಸತ್ತೆ. ಈ ಬೆಳ್ಳಿ ಸ್ಪೇನಿಗೆ ಹೋಗಿ ಯುರೋಪೆಲ್ಲಾ ಹರಡಿ ಕೊನೆಗೆ ಮೆಣಸಿಗೆ ಬಟ್ಟೆಗೆ ಅಂತ ಇಂಡಿಯಾಕ್ಕೂ ಬಂತು, ಮೊಗಲರ ಟಂಕಸಾಲೇಲಿ ಕರಗಿ ರೂಪಾಯಿನೂ ಆಯ್ತು. ಅಜ್ಜಿ ಕುಂಕುಮದ ಭರಣೀಲೂ ಒಂದು ಚೂರು ಇದೇ ಬೆಟ್ಟದ್ದು ಇದ್ರೂ ಇರಬಹುದು ಅಂತ ತಲೆಗೆ ಬಂತು. ತಮಾಷೆ ಏನಂದ್ರೆ ಬೊಲಿವಿಯಾದ ಇವತ್ತಿನ ಚಿಲ್ಲರೆ ಹೊರದೇಶದಲ್ಲಿ ಒತ್ತಿಸ್ಕೊಂಡು ಬರ್ತಾರಂತೆ.

ಅಲ್ಲೇ ಒಂದು ಪೇಂಟಿಂಗ್ ಇದೆ, 18ನೇ ಶತಮಾನದ್ದು, ಬರೆದೋರು ಯಾರು ಅಂತ ಹೆಸರಿಲ್ಲ. ಮೇರಿ ತಾಯಿ ಸೀರೆ ಉಟ್ಕೊಂಡಂಗೆ ಬೆಟ್ಟಾನೇ ಉಟ್ಕೊಂಡಿದಾಳೆ, ಮುಖ ಕೈ ಮಾತ್ರ ಹೊರಗೆ, ಮೈಯೆಲ್ಲಾ ಬೆಟ್ಟ, ಬೆಟ್ಟದ ಮೇಲೆ ಪುಟ್ಟಪುಟ್ಟ ದಾರಿ, ಲಾಮಾ, ಜನ. ಅಲ್ಲಿನೋರಿಗೆ ಬೆಟ್ಟ ಅಂದ್ರೆ ಭೂತಾಯಿ ಪಾಚಮಾಮ, ಪಾದ್ರಿಗಳು ಮೇರಿ ಅಂತ ಹೇಳ್ಕೊಟ್ರು, ಇವರು ಎರಡನ್ನೂ ಒಂದೇ ಮಾಡಿ ಇಟ್ಬಿಟ್ರು. ಅರ್ಧ ಗಂಟೆ ಅಲ್ಲೇ ನಿಂತ್ಕೋಬೇಕು ಅನ್ಸಿತ್ತು, ಗೈಡ್ ಬಿಡ್ಲಿಲ್ಲ.

ಈಗ ಗಣಿ. ಬೆಟ್ಟದ ಹೆಸರು ಸೆರ್ರೊ ರಿಕೊ, ಶ್ರೀಮಂತ ಬೆಟ್ಟ. ಏಜೆನ್ಸಿ ಹೆಸರು ಹೇಳಲ್ಲ, ಎಂಟೇ ಜನ, ಇಂಗ್ಲಿಷ್ ಗೈಡ್ ಅಂತ ದುಡ್ಡು ಇಸ್ಕೊಂಡ್ರು, ಬೆಳಗ್ಗೆ ನೋಡಿದ್ರೆ ಹದಿನಾಲ್ಕು ಜನ. ಹೆಲ್ಮೆಟ್ಟು, ಪ್ಯಾಂಟು, ರಬ್ಬರ್ ಬೂಟು ಕೊಟ್ರು, ನನ್ನ ಬೂಟು ಎರಡೂ ಬೇರೆ ಬೇರೆ ಸೈಜು. ಆಮೇಲೆ ಗಣಿ ಕೆಲಸದೋರ ಮಾರ್ಕೆಟ್‌ಗೆ ಕರ್ಕೊಂಡು ಹೋಗ್ತಾರೆ, ಒಳಗಿರೋರಿಗೆ ಏನಾದ್ರೂ ತಗೊಂಡು ಹೋಗೋದು ರೂಢಿ. ತರಕಾರಿ ಅಂಗಡೀಲಿ ಬೀನ್ಸ್ ಇಟ್ಟಂಗೆ ಡೈನಮೈಟ್ ಇಟ್ಕೊಂಡಿದಾರೆ ಮಾರಾಯ್ರೆ, ಯಾರು ಬೇಕಾದ್ರೂ ತಗೋಬಹುದು! ನಾವು ಕೋಕಾ ಎಲೆ, ಎರಡು ಲೀಟರ್ ಕೂಲ್‌ಡ್ರಿಂಕು, ಕೈಗವಸು ತಗೊಂಡ್ವಿ. ಗುಂಪಲ್ಲಿ ಇಬ್ರು ಹುಡುಗ್ರು ಡೈನಮೈಟ್ ಸಿಡಿಸಿ ತೋರಿಸ್ತೀರಾ ಅಂತ ಕೇಳಿದ್ರು, ಗೈಡ್ ಮುಖ ಗಂಟಿಕ್ಕಿದ್ರು. ಅವರೇ ಹದಿನೈದು ವರ್ಷ ಒಳಗೆ ದುಡಿದೋರಂತೆ. ನಾನು ಕೊಟ್ಟ ಮೂರು ಸ್ಟಾರೂ ಅವರಿಗೇ, ಏಜೆನ್ಸಿಗೆ ಸೊನ್ನೆ.

ಒಳಗೆ ಮೊದಲು ಕಾಲಡಿ ಕೆಸರು ನೀರು, ಆಮೇಲೆ ಬಗ್ಗಬೇಕು, ಆಮೇಲೆ ತೆವಳಬೇಕು. ಹೊರಗಡೆ ಹಲ್ಲು ಕಡಿಯೋ ಚಳಿ, ಒಳಗೆ ಹೋಗ್ತಾ ಹೋಗ್ತಾ ಸೆಕೆ. ಧೂಳು ಗಂಟಲಲ್ಲಿ ಕೂತ್ಕೊಳತ್ತೆ, ದುಪಟ್ಟಾನೋ ಮಾಸ್ಕೋ ತಗೊಂಡು ಹೋಗಿ, ಅವರು ಕೊಡಲ್ಲ. ನಡುವೆ ನಮ್ಮನೆಯವರ ಹೆಲ್ಮೆಟ್ ಲೈಟ್ ಆರೋಯ್ತು. ಅದೇ ಹೊತ್ತಿಗೆ ಗೈಡ್ ಕೂಗಿದ್ರು, ಎಲ್ಲಾ ಗೋಡೆಗೆ ಅಂಟ್ಕೊಂಡ್ವಿ. ಅದಿರು ತುಂಬಿದ ಟ್ರಾಲಿ ಹಳಿ ಮೇಲೆ ದಡದಡ ಬಂತು, ಒಂದು ಟನ್ನಿಗೂ ಮೇಲಂತೆ, ಇಬ್ರು ಹಿಂದಿಂದ ತಳ್ತಾ ಇದ್ರು, ಒಬ್ಬ ಮುಂದೆ ಹಗ್ಗ ಎಳೀತಾ ಇದ್ದ. ಒಂದು ಕೆನ್ನೆ ಕೋಕಾ ಎಲೆ ತುಂಬಿ ಉಬ್ಬಿತ್ತು. ಇಪ್ಪತ್ತು ವರ್ಷ ಇರ್ಬೋದಷ್ಟೆ. ಕೂಲ್‌ಡ್ರಿಂಕ್ ಕೊಟ್ಟೆ, ಗಟಗಟ ಅಂತ ಅರ್ಧ ಕುಡಿದು ಬಾಟ್ಲಿ ಹಿಂದಿನವನಿಗೆ ಕೊಟ್ಟ, ಹೊರಟೇಬಿಟ್ಟ. ಫೋಟೋ ತೆಗೀಬೇಕು ಅಂತ ಫೋನ್ ಎತ್ತಿದ್ದೆ, ಕೆಳಗಿಳಿಸಿದೆ.

ಇವರೆಲ್ಲ ಸಹಕಾರ ಸಂಘದ ಲೆಕ್ಕದಲ್ಲಿ ಕೆಲಸ ಮಾಡೋರು. ಒಳ್ಳೆ ಬೆಳ್ಳಿ ಯಾವತ್ತೋ ಖಾಲಿ, ಈಗ ಜಿಂಕು, ಸೀಸ, ತವರ, ಅದರ ಜೊತೆ ಸ್ವಲ್ಪ ಬೆಳ್ಳಿ. ಧೂಳಿಂದ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರತ್ತೆ. ತಾತನೂ ಈ ಪದ ಹೇಳ್ತಿದ್ರು, ಕೆಜಿಎಫ್ ಆಸ್ಪತ್ರೆ ಅಂದ್ರೆ ಮೊದಲು ಅದೇ. ಸ್ಪೇನಿನೋರ ಕಾಲದಲ್ಲಿ ಇನ್ನೂ ಘೋರ. 1570ರ ದಶಕದಲ್ಲಿ ವೈಸರಾಯ್ ತೊಲೆದೊ ಮಿತಾ ಅಂತ ಬಿಟ್ಟಿ ಚಾಕರಿ ಪದ್ಧತಿ ತಂದ, ಸುತ್ತಲ ಪ್ರಾಂತ್ಯದ ಗಂಡಸರಲ್ಲಿ ಏಳಕ್ಕೆ ಒಬ್ಬನಂಗೆ ವರ್ಷಾ ವರ್ಷಾ ಇಲ್ಲಿಗೆ ಬರಬೇಕಿತ್ತು. ಗೈಡ್ ಇದನ್ನ ಕತ್ತಲಲ್ಲಿ, ಎಲ್ಲರ ಲೈಟೂ ಆರಿಸಿ ಹೇಳಿದ್ರು.

ಕೊನೆಗೆ ಟೀಯೊ. ಮಣ್ಣಿನ ಮೂರ್ತಿ, ಕೊಂಬು, ಕೆಂಪು ಕಣ್ಣು, ತೊಡೆ ಮೇಲೆ ಕೋಕಾ ಎಲೆ ರಾಶಿ. ಟೀಯೊ ಅಂದ್ರೆ ಮಾವ ಅಂತ ಅರ್ಥ. ಗಣಿ ಹೊರಗೆ ಶಿಲುಬೆ, ಒಳಗೆ ಈ ಮಾವಂದೇ ರಾಜ್ಯ. ಗೈಡ್ ಒಂದು ಸಿಗರೇಟ್ ಹಚ್ಚಿ ಅವನ ಬಾಯಿಗಿಟ್ರು, ಕಾಲಿಗೆ ನಾಲ್ಕು ಹನಿ ಸ್ಪಿರಿಟ್ಟು. ಸಿಗರೇಟ್ ಪೂರ್ತಿ ಉರಿದ್ರೆ ಒಳ್ಳೇದಂತೆ. ನಮ್ಮೂರ ಮುನೇಶ್ವರನಿಗೆ ಚುಟ್ಟ ಇಡಲ್ವಾ, ಹಂಗೇ. ಅದಕ್ಕೇ ಏನೋ ಭಯ ಆಗ್ಲಿಲ್ಲ, ಕೈ ಮುಗಿದೆ, ಗುಂಪಿನೋರೆಲ್ಲ ನನ್ನೇ ನೋಡಿದ್ರು.

ಗಣಿಗೆ ಹೋಗ್ಬೇಕಾ ಬೇಡ್ವಾ ಅಂದ್ರೆ, ಉಬ್ಬಸ, ಬಿಪಿ ಇದ್ರೆ ಖಂಡಿತ ಬೇಡ. ಹೋದ್ರೆ ಗಣೀಲಿ ದುಡಿದ ಗೈಡ್ ಸಿಕ್ಕಿದ್ರೆ ಮಾತ್ರ ಹೋಗಿ, ಗುಂಪಲ್ಲಿ ಎಷ್ಟು ಜನ ಅಂತ ರಸೀದಿ ಮೇಲೆ ಬರೆಸ್ಕೊಳ್ಳಿ. ಬೆಟ್ಟದ ತುದಿ ಕುಸೀತಾ ಇದೆ, 2014ರಿಂದ ಪೊಟೊಸಿ ಯುನೆಸ್ಕೊದ ಅಪಾಯದಲ್ಲಿರೋ ವಿಶ್ವ ಪರಂಪರೆ ತಾಣಗಳ ಪಟ್ಟೀಲಿದೆ, ಇದನ್ನ ಏಜೆನ್ಸಿಯೋರು ಬಾಯಿ ಬಿಡಲ್ಲ.

ಊರು ಸುತ್ತೋಕೆ ಖರ್ಚೇ ಇಲ್ಲ. ಓಣಿಗಳು ಸೊಟ್ಟಪಟ್ಟ, ಗಾಳಿ ತಡೀಲಿ ಅಂತ ಬೇಕಂತಲೇ ಬಗ್ಗಿಸಿದ್ದಂತೆ. ಮರದ ಬಾಲ್ಕನಿ, ಅರಿಶಿನ ಬಣ್ಣದ ಗೋಡೆ. ಸಾನ್ ಲೊರೆಂಜೊ ಚರ್ಚಿನ ಕಲ್ಲಿನ ಬಾಗಿಲು ತಪ್ಪಿಸ್ಬೇಡಿ, ಮತ್ಸ್ಯಕನ್ಯೆಯರು ಗಿಟಾರ್ ತರದ್ದು ನುಡಿಸ್ತಿದಾರೆ, ಮೇಲೆ ಸೂರ್ಯ ಚಂದ್ರ. ಕೆತ್ತಿದೋರು ಅಲ್ಲಿನ ಮೂಲ ಜನಾನೇ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಸಾನ್ ಫ್ರಾನ್ಸಿಸ್ಕೊ ಚರ್ಚ್ ಮಾಳಿಗೆ ಹತ್ತಿದ್ರೆ ಹೆಂಚಿನ ಮೇಲೇ ನಡೀಬೇಕು, ಎದುರಿಗೇ ಬೆಟ್ಟ. ಸಂತ ತೆರೇಸಾ ಮಠಾನೂ ಇದೆ, ನಾವು ಹೋದಾಗ ಮುಚ್ಚಿತ್ತು.

ಊಟಕ್ಕೆ ಕಲಾಪುರ್ಕ, ಜೋಳದ ಹಿಟ್ಟಿನ ಗಟ್ಟಿ ಸೂಪು. ಬಟ್ಟಲಿಗೆ ಕಾದ ಕಲ್ಲು ಹಾಕಿ ತರ್ತಾರೆ, ಮೇಜಿನ ಮೇಲೇ ಕೊತಕೊತ ಕುದೀತಿರತ್ತೆ. ಐಮಾರಾ ಭಾಷೇಲಿ ಕಲಾ ಅಂದ್ರೆ ಕಲ್ಲೇ ಅಂತೆ, ಕೇಳಿ ಖುಷಿಯಾಯ್ತು! ಮಾಂಸ ಇರತ್ತೆ, ನಾನು ನೋಡಿದ್ದಷ್ಟೆ, ಆಲೂಗಡ್ಡೆ ಕಿನ್ವಾ ತಿಂದು ಎರಡು ದಿನ ತಳ್ಳಿದೆ. ನಮ್ಮನೆಯವರು ನಾಲಿಗೆ ಸುಟ್ಕೊಂಡ್ರು.

ಇನ್ನೊಂದು, ವಾಪಸ್ ಹೊರಡೋ ಮುಂಚೆ ಜಾಕೆಟ್ ಜೇಬು ನೋಡ್ಕೊಳ್ಳಿ. ಕೋಕಾ ಎಲೆ ಅಲ್ಲಿ ವೀಳ್ಯದೆಲೆ ಲೆಕ್ಕ, ನಮ್ಮಲ್ಲಿ ಕಾನೂನುಬಾಹಿರ. ನಮ್ಮನೆಯವರ ಜೇಬಲ್ಲಿ ಒಂದು ಹಿಡಿ ಇತ್ತು, ಲಾ ಪಾಸ್ ಹೋಟೆಲಲ್ಲಿ ಬಟ್ಟೆ ಮಡಚುವಾಗ ಸಿಕ್ತು, ರೂಮ್ ಕ್ಲೀನ್ ಮಾಡೋಕೆ ಬಂದ ಅಜ್ಜಿಗೆ ಕೊಟ್ಟು ಬಂದ್ವಿ.