ಪ್ರಾಜೆಕ್ಟ್‌ಎಂ ಬಳಸಿ ನೋಡಿದೆ: ಜಗ್ಗಲಿಗೆಗೆ ಭೇಷ್, ವಿಲಂಬಿತ್‌ಗೆ ಪೇಚಾಟ

ಮೊದಲೇ ಹೇಳಿಬಿಡುತ್ತೇನೆ, ಇದು ಪುಕ್ಕಟೆ ಸಾಫ್ಟ್‌ವೇರ್. ದುಡ್ಡು ಹೋಗಿದ್ದು ಪ್ರೊಜೆಕ್ಟರ್‌ಗೆ, ಆ ಕಥೆ ಆಮೇಲೆ.

ಪ್ರಾಜೆಕ್ಟ್‌ಎಂ ಕೆಲಸ ಇಷ್ಟೇ. ನೀವು ಹಾಡು ಹಚ್ಚಿದರೆ ಅದು ತೆರೆ ಮೇಲೆ ಬಣ್ಣ ಆಡಿಸುತ್ತದೆ. ಮುಖ ಇಲ್ಲ, ಗಿಡ ಇಲ್ಲ, ಕಥೆ ಇಲ್ಲ, ಬರೀ ಗೆರೆ, ಸುಳಿ, ಹೊಗೆ. ವಿನ್‌ಆಂಪ್‌ನಲ್ಲಿ ಹಾಡು ಕೇಳಿದ ಕಾಲದವರಿಗೆ ಅದರೊಳಗೆ ಹಾಡಿಗೆ ತಕ್ಕ ಚಿತ್ರ ತೋರಿಸುತ್ತಿದ್ದ ಮಿಲ್ಕ್‌ಡ್ರಾಪ್ ನೆನಪಿರಬೇಕು, 2001ರಲ್ಲಿ ರಯಾನ್ ಗೈಸ್ ಬರೆದದ್ದು. ಅದನ್ನೇ ಬೇರೆಯವರು ಹೊಸದಾಗಿ ಬರೆದು, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ನಡೆಯೋ ಹಾಗೆ ಮಾಡಿದ್ದಾರೆ, ಅದೇ ಈ ಪ್ರಾಜೆಕ್ಟ್‌ಎಂ. ಒಂದೊಂದು ಚಿತ್ರಕ್ಕೆ ಪ್ರಿಸೆಟ್ ಅಂತಾರೆ. ಸಾವಿರಾರು ಸಿಗುತ್ತವೆ. ಅರ್ಧಕ್ಕರ್ಧ ಕಣ್ಣು ಕುಕ್ಕುವಂಥವು.

ನಮ್ಮದು ಧಾರವಾಡ. ಮನೆಯಲ್ಲಿ ಕಾಕಾ ಇದ್ದಾರೆ, ಬೆಳಗ್ಗೆ ಮಲ್ಲಿಕಾರ್ಜುನ ಮನ್ಸೂರ್, ಸಂಜೆ ಗಂಗೂಬಾಯಿ ಹಾನಗಲ್, ನಡುವೆ ಚಹಾ. ಇಂಥ ಮನೆಯಲ್ಲಿ ಈ ಸಾಫ್ಟ್‌ವೇರ್‌ಗೆ ಪರೀಕ್ಷೆ ಬೇರೆ ಥರ ಆಗುತ್ತದೆ ಅಲ್ವಾ? ನಾನು ನೋಡಿದ ರಿವ್ಯೂಗಳಲ್ಲೆಲ್ಲ ಡಿಜೆ ಹಾಡು ಹಾಕಿಯೇ ತೋರಿಸುತ್ತಾರೆ.

ಮೊದಲು ಜಗ್ಗಲಿಗೆ, ಅಂದರೆ ನಮ್ಮ ಕಡೆಯ ದೊಡ್ಡ ಚರ್ಮವಾದ್ಯದ ಸದ್ದು ಹಾಕಿದೆ. ಹೋಳಿ ದಿನ ಹುಬ್ಬಳ್ಳಿಯಲ್ಲಿ ನಾನೇ ಮೊಬೈಲ್‌ನಲ್ಲಿ ಹಿಡಿದುಕೊಂಡದ್ದು. ಪೆಟ್ಟು ಬಿದ್ದ ಕಡೆ ಚಿತ್ರ ಉಬ್ಬುತ್ತದೆ, ಬಣ್ಣ ಚೆಲ್ಲುತ್ತದೆ, ಮನೆಯ ಮಕ್ಕಳು ಸೋಫಾ ಮೇಲೆ ಹತ್ತಿ ಕುಣಿದರು. ಇದಕ್ಕೆ ಹತ್ತಕ್ಕೆ ಒಂಬತ್ತು.

ಆಮೇಲೆ ಗಂಗೂಬಾಯಿಯವರ ವಿಲಂಬಿತ್ ಖಯಾಲ್, ಅಂದರೆ ತೀರಾ ನಿಧಾನ ಲಯದ ಹಿಂದುಸ್ತಾನಿ ಹಾಡು. ಇಲ್ಲಿ ಗಾಡಿ ಕೆಟ್ಟಿತು. ಅವರು ಇನ್ನೂ ಬಾಯಿ ತೆಗೆದಿಲ್ಲ, ಬರೀ ತಂಬೂರಿ ನಡೆದಿದೆ, ಚಿತ್ರ ಆಗಲೇ ತುಂಬಿ ತುಳುಕುತ್ತಿದೆ. ತಂಬೂರಿಯ ಜೀವಾರಿಯಲ್ಲಿ (ತಂತಿ ಕೆಳಗೆ ಎಳೆ ಇಟ್ಟು ಬರಿಸೋ ಝೇಂಕಾರ) ಒಂದು ತಂತಿಗೇ ಹತ್ತಾರು ಮೇಲಿನ ಸ್ವರಗಳು ಝೇಂಕರಿಸುತ್ತವೆ, ಸಾಫ್ಟ್‌ವೇರ್ ಅದನ್ನೇ ದೊಡ್ಡ ಸಂಗೀತ ಅಂದುಕೊಂಡಿತು. ಹಾಡು ಶುರುವಾದ ಮೇಲೆ ತೋರಿಸೋದಕ್ಕೆ ಅದರ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ಒಳಗೆ ಏನಾಗುತ್ತದೆ ಅಂತ ನೋಡಿದೆ. ಅದು ದನಿಯನ್ನು ಮೂರು ಪಾಲು ಮಾಡುತ್ತದೆ, ತಗ್ಗಿನದು, ನಡುವಿನದು, ಮೇಲಿನದು. ಪ್ರತಿ ಪಾಲನ್ನೂ ಸ್ವಲ್ಪ ಹೊತ್ತಿನ ಹಿಂದಿನ ಸರಾಸರಿಗೆ ಹೋಲಿಸಿ ಒಂದು ಸಂಖ್ಯೆ ಕೊಡುತ್ತದೆ. ಮಾಮೂಲಿದ್ದರೆ 1, ಜೋರಾದರೆ ಅದಕ್ಕಿಂತ ಜಾಸ್ತಿ. ಅಂದರೆ ಹಾಡುವವರು ದನಿ ತಗ್ಗಿಸಿ ಪಿಸುಗುಟ್ಟಿದರೂ, ಒಂದಷ್ಟು ಹೊತ್ತಿಗೆ ಅದನ್ನೇ ಮಾಮೂಲು ಅಂದುಕೊಂಡು ಮತ್ತೆ ಮೊದಲಿನ ಹಾಗೇ ಕುಣಿಯುತ್ತದೆ. ಸ್ವರ ಯಾವುದು ಅಂತ ಅದಕ್ಕೆ ಗೊತ್ತೇ ಇಲ್ಲ. ಗಾಂಧಾರದಿಂದ ಷಡ್ಜಕ್ಕೆ ಮೀಂಡ್ (ಕಡಿಯದೆ ಜಾರೋ ದನಿ) ಇಳಿದರೂ ಅದರ ಪಾಲಿಗೆ ಏನೂ ನಡೆದಿಲ್ಲ.

ವಿಲಂಬಿತ್ ಏಕತಾಲ ಅನ್ನೋ ತಾಳದಲ್ಲಿ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಹನ್ನೆರಡು ಮಾತ್ರೆ. ಒಂದು ಆವರ್ತನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷವೂ ಹಿಡಿಯಬಹುದು. ಅಷ್ಟು ಹೊತ್ತು ಕಾದು ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬಂದಾಗ ಕೇಳುವವರ ತಲೆ ತಾನಾಗೇ ಆಡುತ್ತದೆ. ಕಾಕಾ ತಲೆ ಆಡಿಸಿದರು, ಗೋಡೆ ಮೇಲಿನ ಸುಳಿ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. "ಏ ತಮ್ಮಾ, ಸಮ್ ಬಂದು ಹೋತಲ್ಲೋ, ಇದ್ಯಾಕ ಮಿಸುಕಲಿಲ್ಲ?" ಅಂದರು. ಅದೇ ಹೊತ್ತಿಗೆ ತಬಲಾದ ಬಾಯಾ (ತಗ್ಗು ದನಿಯ ಎಡಗೈ ವಾದ್ಯ) ಮೇಲೆ ಒಂದು ಪೆಟ್ಟು ಜೋರಾಗಿ ಬಿತ್ತು ನೋಡಿ, ಇಡೀ ಪ್ರಿಸೆಟ್ಟೇ ಬದಲಾಯಿತು. ನೀಲಿ ಹೊಗೆ ಹೋಗಿ ಕೆಂಪು ಮುಳ್ಳು ಬಂತು. ಇದಕ್ಕೆ ಹಾರ್ಡ್ ಕಟ್ ಅಂತಾರೆ. ಶಾಸ್ತ್ರೀಯ ಸಂಗೀತ ಕೇಳೋರು ಮೊದಲು ಅದನ್ನು ಆಫ್ ಮಾಡಿ.

ಮನ್ಸೂರರ ಹಾಡಿಗೆ ಇಷ್ಟು ಕಷ್ಟ ಆಗಲಿಲ್ಲ. ಅವರ ಜೈಪುರ್-ಅತ್ರೌಲಿ ಘರಾಣೆಯ ನಡೆಯೇ ಸ್ವಲ್ಪ ಚುರುಕು, ಒಂದು ತಾನ್ (ಸ್ವರಗಳ ಓಟ) ಇನ್ನೊಂದಕ್ಕೆ ಹೆಣೆದುಕೊಂಡೇ ಬರುತ್ತದೆ, ಗೆರೆಗಳಿಗೆ ಹಿಂದೆ ಓಡೋದಕ್ಕೆ ಏನಾದರೂ ಸಿಗುತ್ತದೆ. ಗಂಗೂಬಾಯಿಯವರ ಕಿರಾಣಾ ಘರಾಣೆಯವರು ಒಂದೇ ಸ್ವರದ ಮೇಲೆ ಕೂತುಬಿಡುತ್ತಾರೆ, ಈ ಬಡಪಾಯಿ ಅಲ್ಲಿ ಏನು ಮಾಡೀತು?

ಹಾಗಂತ ನಿಧಾನದ ಸಂಗೀತಕ್ಕೆ ಚಿತ್ರ ಒಗ್ಗೋದೇ ಇಲ್ಲ ಅಂತಲ್ಲ. ಕೆನಡಾದ ನಾರ್ಮನ್ ಮೆಕ್‌ಲಾರೆನ್ 1949ರಲ್ಲಿ ಎವೆಲಿನ್ ಲ್ಯಾಂಬರ್ಟ್ ಜೊತೆ ಮಾಡಿದ ಕಿರುಚಿತ್ರ 'ಬಿಗಾನ್ ಡಲ್ ಕೇರ್' ನೋಡಿ. ಕ್ಯಾಮೆರಾ ಇಲ್ಲದೆ ಫಿಲ್ಮ್ ಮೇಲೇ ನೇರ ಬಣ್ಣ ಬಳಿದು, ಕೆರೆದು ಮಾಡಿದ್ದು. ಸಂಗೀತ ಜಾಝ್ ಪಿಯಾನೊ ವಾದಕ ಆಸ್ಕರ್ ಪೀಟರ್‌ಸನ್‌ದು. ಶುರುವಿನಲ್ಲೂ ಕೊನೆಯಲ್ಲೂ ಬಣ್ಣದ ಜಾತ್ರೆ, ನಡುವೆ ಪಿಯಾನೊ ನಿಧಾನವಾದಾಗ ಮಾತ್ರ ಕಪ್ಪು ತೆರೆ, ಅದರ ಮೇಲೆ ಕೆಲವೇ ತೆಳು ಬಿಳಿ ಗೆರೆ. ಕಡಿಮೆ ತೋರಿಸೋದಕ್ಕೆ ಅವರಿಗೆ ಗೊತ್ತಿತ್ತು. ನನ್ನ ತಲೆಗೆ ಹೊಳೆದಿದ್ದು ಅಲ್ಲೇ.

ಪ್ರಿಸೆಟ್ ಅಂದರೆ ಸಾದಾ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಈ ಸಾಫ್ಟ್‌ವೇರ್‌ನ ಬೆಸ್ಟ್ ಗುಣ ಇದೇ ಅಂತ ನನ್ನ ಲೆಕ್ಕ. ಅದು ಪ್ರತಿ ಫ್ರೇಮ್‌ನಲ್ಲೂ ಹಿಂದಿನ ಚಿತ್ರವನ್ನೇ ತೆಗೆದುಕೊಂಡು ಚೂರು ಹಿಗ್ಗಿಸಿ, ಚೂರು ತಿರುಗಿಸಿ, ಚೂರು ಮಾಸಿಸಿ, ಅದರ ಮೇಲೆ ಈಗಿನ ದನಿಯ ಅಲೆ ಎಳೆಯುತ್ತದೆ, ನಿನ್ನೆಯ ರಂಗೋಲಿ ಪೂರ್ತಿ ಒರೆಸದೆ ಅದರ ಮೇಲೇ ಇವತ್ತಿಂದು ಹಾಕಿದಂತೆ. ಎಷ್ಟು ಮಾಸಬೇಕು ಅನ್ನೋದಕ್ಕೆ ಡಿಕೇ ಅಂತ ಒಂದು ಸಂಖ್ಯೆ ಇದೆ. ನಾನು ತೆಗೆದ ಪ್ರಿಸೆಟ್‌ನಲ್ಲಿ 0.98 ಇತ್ತು. ಸೆಕೆಂಡಿಗೆ 30 ಫ್ರೇಮ್ ಲೆಕ್ಕ ಹಿಡಿದರೆ ಒಂದು ಸೆಕೆಂಡಿಗೆಲ್ಲ ಗೆರೆ ಅರ್ಧದಷ್ಟು ಮಾಸಿರುತ್ತದೆ. ಅದನ್ನು 0.995 ಮಾಡಿದೆ. ಈಗ ಅಷ್ಟೇ ಮಾಸೋದಕ್ಕೆ ನಾಲ್ಕು ಸೆಕೆಂಡು. ಒಂದು ಮೀಂಡ್ ಶುರುವಾಗಿ ಮುಗಿಯೋವರೆಗೂ ಅದರ ಗುರುತು ತೆರೆ ಮೇಲೆ ಉಳಿಯುತ್ತದೆ. ತಿರುಗೋದನ್ನು ಪೂರ್ತಿ ನಿಲ್ಲಿಸಿದೆ, ಬಣ್ಣ ಒಂದೇ ಇಟ್ಟೆ, ಹಿನ್ನೆಲೆ ಕಪ್ಪು. ಮೂರು ಸಂಜೆ ಇದೇ ಕೆಲಸ. ಸಮ್ ಮಾತ್ರ ಈಗಲೂ ಅದಕ್ಕೆ ಗೊತ್ತಾಗೋದಿಲ್ಲ, ಅದು ಬಿಡಿ.

ಈಗ ಪ್ರೊಜೆಕ್ಟರ್. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಐದು ಸಾವಿರದೊಳಗೆ ತಂದೆ. ಡಬ್ಬಿ ಮೇಲೆ ಬರೆದ ಬೆಳಕಿಗೂ ಗೋಡೆ ಮೇಲೆ ಬಿದ್ದ ಬೆಳಕಿಗೂ ಸಂಬಂಧವೇ ಇಲ್ಲ, ಕಪ್ಪು ಅಂದರೆ ಬೂದಿ ಬಣ್ಣ. ಅದಕ್ಕಿಂತ ಮಜಾ ಇನ್ನೊಂದು. ಮೊದಲ ದಿನ ಹಾಡು ನಿಲ್ಲಿಸಿದರೂ ಚಿತ್ರ ಕುಣಿಯುತ್ತಲೇ ಇತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಲ್ಯಾಪ್‌ಟಾಪ್‌ನ ಮೈಕು ಪಕ್ಕದಲ್ಲಿದ್ದ ಪ್ರೊಜೆಕ್ಟರ್‌ನ ಫ್ಯಾನ್ ಸದ್ದು ಕೇಳಿಸಿಕೊಂಡು ಅದಕ್ಕೇ ಬಣ್ಣ ಹಾಕುತ್ತಿತ್ತು! ಸೆಟ್ಟಿಂಗ್‌ನಲ್ಲಿ ಮೈಕು ಬಿಟ್ಟು ಕಂಪ್ಯೂಟರ್‌ನ ಒಳಗಿನ ದನಿಯನ್ನೇ ಆರಿಸಿಕೊಳ್ಳಿ. ಹಾಗೆ ಮಾಡಿದ ಮೇಲೆ ಬ್ಲೂಟೂತ್ ಸ್ಪೀಕರ್ ಕೂಡ ಬೇಡ. ಅದರಲ್ಲಿ ದನಿ ಚೂರು ತಡವಾಗಿ ಬರುತ್ತದೆ, ತಬಲಾ ಪೆಟ್ಟು ಕಣ್ಣಿಗೆ ಮೊದಲು ಕಂಡು ಕಿವಿಗೆ ಆಮೇಲೆ ಬೀಳುತ್ತದೆ. ನೂರು ರೂಪಾಯಿಯ ವೈರ್ ಸಾಕು. ಪ್ರೊಜೆಕ್ಟರ್ ವಾಪಸ್ ಕೊಡೋಕೆ ಹೋದರೆ "ಬಿಲ್ ಹಿಂದ ಬರದೈತ್ರಿ, ವಾಪಸ್ ತಗೊಳ್ಳಂಗಿಲ್ಲ" ಅಂದರು. ಬರೆದಿತ್ತು, ನಿಜ, ಇರುವೆ ಸಾಲಿನಷ್ಟು ಸಣ್ಣಗೆ. ಈಗ ಅದು ಅಟ್ಟದ ಮೇಲಿದೆ, ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿದ್ದೇವೆ, ಕಪ್ಪು ಕಪ್ಪಾಗೇ ಕಾಣುತ್ತದೆ.

ಪ್ರಾಜೆಕ್ಟ್‌ಎಂಗೆ ಒಟ್ಟು ಐದಕ್ಕೆ ಮೂರೂವರೆ. ಫೈಲ್ ತೆರೆದು ಕೈಯಾಡಿಸೋ ತಾಳ್ಮೆ ಇದ್ದರೆ ನಾಲ್ಕೂವರೆ.

ತಿದ್ದಿದ ಪ್ರಿಸೆಟ್ ಹಾಕಿ ಮೊನ್ನೆ ಸಂಜೆ ಅದೇ ಖಯಾಲ್ ಹಚ್ಚಿದೆ. ಕತ್ತಲೆಯಲ್ಲಿ ಒಂದೇ ಒಂದು ಹಳದಿ ಗೆರೆ ಉಸಿರಾಡಿದ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಹೆಂಗೈತಿ ಕಾಕಾ ಅಂತ ಕೇಳಿದೆ. ಎರಡು ಆವರ್ತನ ನೋಡಿದ್ದರು, ಆಗಲೇ ಕಣ್ಣು ಮುಚ್ಚಿದ್ದರು. "ಚಂದ ಐತೋ, ನೀ ನೋಡಕೋತ ಕೂಡ್ರು" ಅಂದರು.