ಮಳೆಗಾಲದಲ್ಲಿ ಮಲೆನಾಡಿಗೆ ಪಿಟೀಲು ಒಯ್ಯುವವರೇ, ಬಿಳಿ ಅಂಟು ಹಾಕಿಸಬೇಡಿ

ಕೆಲಸದ ಮೇಲೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಹೋಗುವಾಗ ಪಿಟೀಲು ಜೊತೆಗೆ ಒಯ್ಯುವವರು ದಯವಿಟ್ಟು ಇದನ್ನು ಓದಿ. ಮಳೆಗೆ ಪಿಟೀಲಿನ ಅಂಚು ಬಿಟ್ಟುಕೊಂಡರೆ ಗಾಬರಿಯಾಗಬೇಡಿ. ಆದರೆ ಸಿಕ್ಕಿದ ಅಂಗಡಿಗೆ ಕೊಟ್ಟು ಬಡಗಿಗಳ ಬಿಳಿ ಅಂಟು ಹಾಕಲು ಖಂಡಿತ ಬಿಡಬೇಡಿ. ನನ್ನ ಪಿಟೀಲು ಮಳೆಗೆ ತಡೆದುಕೊಂಡಿತ್ತು. ಅದನ್ನು ಕೆಡಿಸಿದ್ದು ರಿಪೇರಿ.

ನನ್ನದು ಸಹಕಾರ ಸಂಘಗಳ ಆಡಿಟ್ ಕೆಲಸ. ಮಾರ್ಚ್ ಮುಗಿದ ಮೇಲೆ ಶುರುವಾದದ್ದು ಮಳೆಗಾಲದವರೆಗೂ ಎಳೆಯುತ್ತದೆ. ಸಂಜೆ ಸೊಸೈಟಿ ಬಾಗಿಲು ಹಾಕಿದರೆ ಆಮೇಲೆ ಬಾಡಿಗೆ ರೂಮೇ ಗತಿ. ಅಷ್ಟು ದಿನ ಸಾಧನೆ ಬಿಟ್ಟರೆ ಬೆರಳು ಮಾತು ಕೇಳುವುದಿಲ್ಲ, ಅಲ್ವಾ? ಹಾಗಾಗಿ ದೊಡ್ಡಪ್ಪ ಕೊಟ್ಟ ಪಿಟೀಲು ಸದಾ ಜೊತೆಗಿರುತ್ತದೆ.

ಅದು ಜುಲೈ. ಶಿವಮೊಗ್ಗದಿಂದ ಆಗುಂಬೆಗೆ ಹೊರಟ ಬಸ್ಸು ಕಿಕ್ಕಿರಿದಿತ್ತು. ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ ಅಂದರೂ ಕಂಡಕ್ಟರ್ ಒಪ್ಪಲಿಲ್ಲ. "ಜನಕ್ಕೇ ಜಾಗ ಇಲ್ಲ ಮೇಡಂ, ಡಿಕ್ಕಿಗೆ ಹಾಕಿ" ಎಂದು ಕೈಯಿಂದ ತೆಗೆದುಕೊಂಡೇ ಹೋದರು. ಡಿಕ್ಕಿ ಬಾಗಿಲಿನ ಸಂದಿಯಿಂದ ದಾರಿಯುದ್ದಕ್ಕೂ ನೀರು ರಾಚಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಒದ್ದೆ ಪೆಟ್ಟಿಗೆ ಎಲ್ಲಿ ಒಣಗಬೇಕು?

ರೂಮಿಗೆ ಹೋಗಿ ಬಿಚ್ಚಿದರೆ ಒಳಗಿನ ಮಖಮಲ್ಲು ತಣ್ಣಗೆ ತೇವವಾಗಿತ್ತು. ತಂತಿ ಬಿಗಿಸುವ ಬಿರಡೆಗಳು ಉಬ್ಬಿ ಕಚ್ಚಿಕೊಂಡಿದ್ದವು. ಮಂದ್ರದ ತಂತಿಯ ಮೇಲೆ ಬಿಲ್ಲು ಎಳೆದರೆ ಒಳಗೆಲ್ಲೋ ಗಿರ್ರೆನ್ನುವ ಸದ್ದು. ಮೊಬೈಲ್ ಬೆಳಕು ಬಿಟ್ಟು ಅಂಚು ಸುತ್ತ ನೋಡಿದೆ. ಕೆಳತುದಿಯಲ್ಲಿ ಮೇಲು ಹಲಗೆಗೂ ಪಕ್ಕದ ಪಟ್ಟಿಗೂ ನಡುವೆ ಕಾಗದ ತೂರುವಷ್ಟು ಸಂದಿ. ರೂಮು ಕೊಟ್ಟ ಮನೆಯವರು ಪಾಪ, ಒಳ್ಳೇದಕ್ಕೇ ಹೇಳಿದರು: "ಬಚ್ಚಲ ಒಲೆ ಹತ್ರ ಇಡಿ ಅಕ್ಕಾ, ಬೆಳಿಗ್ಗೆಗೆ ಒಣಗಿರುತ್ತೆ." ನಾನು ಇಡಲಿಲ್ಲ. ನೀವೂ ಇಡಬೇಡಿ. ಒಂದೇ ಕಡೆಯಿಂದ ಬಿಸಿ ತಾಗಿದರೆ ತೆಳು ಹಲಗೆ ಸೊಟ್ಟಗಾಗುತ್ತದೆ. ಫ್ಯಾನ್ ಗಾಳಿಯಲ್ಲಿ, ಪೆಟ್ಟಿಗೆಯಿಂದ ಹೊರಗೆ ಇಟ್ಟರೆ ಸಾಕು.

ಶಿವಮೊಗ್ಗಕ್ಕೆ ವಾಪಸ್ ಬಂದು ವಾದ್ಯದ ಅಂಗಡಿಯೊಂದಕ್ಕೆ ಕೊಟ್ಟೆ. "ನಾಳೆ ಬನ್ನಿ, ಇನ್ನು ಜನ್ಮದಲ್ಲಿ ಬಿಡಲ್ಲ" ಅಂದರು. ನಿಜ, ಆ ಅಂಚು ಮತ್ತೆ ಬಿಡಲಿಲ್ಲ. ಆದರೆ ಮಾರ್ಚ್ ಬಿಸಿಲು ಶುರುವಾಗುತ್ತಿದ್ದಂತೆ ಒಂದು ರಾತ್ರಿ ಟಪ್ ಎಂದು ಸದ್ದಾಯಿತು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕಾಲಿನ ಬುಡದಿಂದ ಕೆಳತುದಿಯವರೆಗೆ ಮೇಲು ಹಲಗೆ ಉದ್ದಕ್ಕೆ ಸೀಳಿತ್ತು.

ಯಾಕೆ ಅಂತ ಹೇಳಿದ್ದು ಮೈಸೂರಿನಲ್ಲಿ ಪಿಟೀಲು ರಿಪೇರಿಯನ್ನೇ ಮಾಡಿಕೊಂಡು ಬಂದ ಹಿರಿಯರೊಬ್ಬರು. ಮರ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಅಡ್ಡಕ್ಕೇ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಇದು ಗೊತ್ತಿದ್ದೇ ಪಿಟೀಲಿಗೆ ಚರ್ಮ ಕುದಿಸಿ ಮಾಡಿದ ಸರೇಸು ಹಾಕುತ್ತಾರೆ. ಅದರ ಹಿಡಿತ ಮರದ ಬಲಕ್ಕಿಂತ ಕಡಿಮೆ. ಎಳೆತ ಜಾಸ್ತಿಯಾದರೆ ಮೊದಲು ಅಂಟು ಬಿಟ್ಟುಕೊಂಡು ಮರವನ್ನು ಉಳಿಸುತ್ತದೆ, ಕರೆಂಟಿನ ಫ್ಯೂಸ್ ಹಾರಿದ ಹಾಗೆ. ಬಿಟ್ಟ ಅಂಚಿಗೆ ಬಿಸಿ ಸರೇಸು ಹಚ್ಚಿ ಕ್ಲ್ಯಾಂಪ್ ಬಿಗಿದರೆ ಕೆಲಸ ಮುಗಿಯಿತು, ಸಣ್ಣ ಖರ್ಚು. ಬಿಳಿ ಅಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಗ ಸೀಳಬೇಕಾದ್ದು ಮರವೇ. ಅದೂ ಕುದುರೆಯ ಕೆಳಗೆ ಸೀಳಿದರೆ ಮೇಲು ಹಲಗೆ ಪೂರ್ತಿ ಎಬ್ಬಿಸಿ ಒಳಗಿನಿಂದ ತೇಪೆ ಕೂರಿಸಬೇಕು. ಹಳೇ ಬಿಳಿ ಅಂಟು ಕೆರೆಯುವಾಗ ಅಂಚಿನ ಮರವೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅದನ್ನು ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ.

ಅಂಗಡಿಯವರು ಒಂದು ಮಾತು ಕೇಳಬಹುದಿತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದಿತ್ತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಹಾಗಾಗಿ ಪಿಟೀಲು ಕೈಗೆ ಕೊಡುವ ಮೊದಲೇ "ಯಾವ ಅಂಟು ಹಾಕ್ತೀರಿ?" ಅಂತ ಕೇಳಿ. ಸರೇಸು ಎಂಬ ಉತ್ತರ ಬರದಿದ್ದರೆ ಸುಮ್ನೆ ವಾಪಸ್ ತನ್ನಿ. ಬಿಟ್ಟ ಅಂಚಿನಿಂದ ಯಾವ ಅವಸರವೂ ಇಲ್ಲ, ಬಾರಿಸದೆ ಇಟ್ಟರೆ ಆಯಿತು.

ಪೆಟ್ಟಿಗೆಯೊಳಗೆ ತೇವ ತೋರಿಸುವ ಸಣ್ಣ ಮೀಟರ್ ಇಡಿ. 40ರಿಂದ 60 ಶೇಕಡಾ ಒಳಗಿದ್ದರೆ ಒಳ್ಳೆಯದು. ಮಲೆನಾಡಿನ ಜುಲೈನಲ್ಲಿ ಮುಳ್ಳು ಅದನ್ನು ದಾಟಿಯೇ ಇರುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಬಾರಿಸಿದ ಮೇಲೆ ಬಿಲ್ಲಿನ ಕೂದಲು ಸಡಿಲಿಸಿ. ಬಸ್ಸಿನಲ್ಲಿ ಇನ್ನೊಂದು ಸೀಟಿನ ಟಿಕೆಟ್ ತೆಗೆಯಬೇಕಾಗಿ ಬಂದರೂ ಸರಿ, ಡಿಕ್ಕಿಗೆ ಕೊಡಬೇಡಿ.

ಅಂಚು ಬಿಟ್ಟ ಪಿಟೀಲನ್ನು ಊರಿಗೆ ತರುವಾಗ ತಂತಿಗಳನ್ನು ಸ್ವಲ್ಪ ಇಳಿಸಿ, ಪೂರ್ತಿ ಬಿಚ್ಚಬೇಡಿ. ಒಳಗೆ ಎರಡು ಹಲಗೆಗಳ ನಡುವೆ ಆತು ನಿಂತ ಕಡ್ಡಿಗೆ ಅಂಟು ಇರುವುದಿಲ್ಲ. ತಂತಿಯ ಒತ್ತಡ ಹೋದರೆ ಅದು ಬಿದ್ದುಬಿಡಬಹುದು. ಬಿದ್ದ ಕಡ್ಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವವರು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ.