ಇಪ್ಪತ್ತು ಸಾವಿರದ ಫೋನು: ಐಒಎಸ್, ಪಿಕ್ಸೆಲ್ ಬಿಟ್ಟು ವನ್ ಯುಐ ಯಾಕೆ

ಬಜೆಟ್ಟು ಇಪ್ಪತ್ತು ಸಾವಿರದ ಆಸುಪಾಸು, ಗೇಮ್ ಆಡುವ ಚಟವಿಲ್ಲ, ದಿನದ ಬಳಕೆ ಯುಪಿಐ, ವಾಟ್ಸ್‌ಆ್ಯಪ್, ಮೆಟ್ರೊ ಟಿಕೆಟ್ಟು, ಅಪಾರ್ಟ್‌ಮೆಂಟ್ ಗೇಟಿನ ಆ್ಯಪು. ಇಷ್ಟೇ ಆದರೆ ನನ್ನ ಓಟು ವನ್ ಯುಐಗೆ, ಅಂದರೆ ಸ್ಯಾಮ್‌ಸಂಗ್ ಫೋನುಗಳಲ್ಲಿರುವ ಆಂಡ್ರಾಯ್ಡ್ ರೂಪಕ್ಕೆ.

ಮುಖ್ಯ ಕಾರಣ ಅಪ್‌ಡೇಟ್. 2024ರ ಅಕ್ಟೋಬರಿನಲ್ಲಿ ₹18,999ಕ್ಕೆ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಸೆಕ್ಯುರಿಟಿ ಪ್ಯಾಚ್ (ಸುರಕ್ಷತೆಯ ಲೋಪ ಮುಚ್ಚುವ ಅಪ್‌ಡೇಟ್) ಕೊಡುವ ಭರವಸೆಯಿದೆ. ಈ ವರ್ಷಗಳ ಲೆಕ್ಕ ಫೋನ್ ಮಾರುಕಟ್ಟೆಗೆ ಬಂದಂದಿನಿಂದ, ನೀವು ಕೊಂಡಂದಿನಿಂದಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಹಳೆ ಐಫೋನ್ ಚೌಕಾಸಿ ಮಾಡುವವರಿಗೂ ಇದೇ ಮಾತು: 2018ರ ಐಫೋನ್ ಎಕ್ಸ್‌ಆರ್‌ಗೆ ಐಫೋನಿನ ತಂತ್ರಾಂಶವಾದ ಐಒಎಸ್‌ನ 26ನೇ ಆವೃತ್ತಿ ಸಿಗಲೇ ಇಲ್ಲ, ಅದು ಐಫೋನ್ 11ರಿಂದ ಮೇಲಿನವಕ್ಕೆ ಮಾತ್ರ.

ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ 8ರಿಂದೀಚೆಗೆ ಏಳು ವರ್ಷದ ಭರವಸೆ ಇದೆ, ನಿಜ. ಆದರೆ 8ಎ ಬಿಡುಗಡೆಯಾದದ್ದೇ ₹52,999ಕ್ಕೆ. ಕೆಲವು 6ಎ ಫೋನುಗಳಿಗಂತೂ 400 ಚಾರ್ಜ್ ಸೈಕಲ್ (ಪೂರ್ತಿ ಚಾರ್ಜಿನ ಸುತ್ತು) ದಾಟಿದ ಮೇಲೆ ಬ್ಯಾಟರಿ ಸಾಮರ್ಥ್ಯ ತಗ್ಗಿಸುವ ಕಡ್ಡಾಯ ಅಪ್‌ಡೇಟ್ 2025ರಲ್ಲಿ ಬಂತು.

ಇನ್ನು ವನ್ ಯುಐನ ನಿಜವಾದ ಕಿರಿಕಿರಿ. ಬ್ಯಾಟರಿ ಉಳಿಸಲೆಂದು ಅದು ಹೆಚ್ಚು ಬಳಸದ ಆ್ಯಪ್‌ಗಳನ್ನು ಮಲಗಿಸುತ್ತದೆ. ‘ಡೀಪ್ ಸ್ಲೀಪಿಂಗ್’ ಪಟ್ಟಿಗೆ ಬಿದ್ದ ಆ್ಯಪ್, ನಾವೇ ತೆರೆಯುವ ತನಕ ಏಳುವುದಿಲ್ಲ. ಡೆಲಿವರಿ ಹುಡುಗ ಗೇಟಿನಲ್ಲಿ ಕಾಯುತ್ತಿರುತ್ತಾನೆ, ಒಪ್ಪಿಗೆ ಕೇಳುವ ನೋಟಿಫಿಕೇಶನ್ ಬರುವುದೇ ಇಲ್ಲ. ಎಸ್ಸೆಮ್ಮೆಸ್ಸಿನ ಒಟಿಪಿಗೆ ಈ ಕಾಟವಿಲ್ಲ. ಬ್ಯಾಂಕ್ ಆ್ಯಪಿನೊಳಗಿನ ಅಲರ್ಟಿಗೆ ಇದೆ.

ಪರಿಹಾರ ಇಲ್ಲಿದೆ. ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್. ಅಲ್ಲಿ ‘ನೆವರ್ ಆಟೋ ಸ್ಲೀಪಿಂಗ್’ ಪಟ್ಟಿಗೆ ಗೇಟಿನ ಆ್ಯಪ್, ಬ್ಯಾಂಕ್, ವಾಟ್ಸ್‌ಆ್ಯಪ್ ಸೇರಿಸಿ. ಆಮೇಲೆ ಒಂದೊಂದು ಆ್ಯಪಿನ ಮಾಹಿತಿ ಪುಟಕ್ಕೂ ಹೋಗಿ ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಅದೇ ಪುಟದಲ್ಲಿ ಬಳಸದ ಆ್ಯಪ್ ನಿಲ್ಲಿಸುವ ಸ್ವಿಚ್ಚನ್ನೂ ಆಫ್ ಮಾಡಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಆನ್ ಇದ್ದರೆ, ಕೆಲವು ತಿಂಗಳು ತೆರೆಯದ ಆ್ಯಪಿನ ಅನುಮತಿಗಳನ್ನು ಆಂಡ್ರಾಯ್ಡ್ ತಾನೇ ಕಿತ್ತುಕೊಳ್ಳುತ್ತದೆ. ಎಲ್ಲ ಆ್ಯಪನ್ನೂ ಪಟ್ಟಿಗೆ ತುಂಬಬೇಡಿ, ಬ್ಯಾಟರಿ ಸಂಜೆಗೇ ಮುಗಿದೀತು, ನಾಲ್ಕೈದು ಸಾಕು. ಐಫೋನಿನಲ್ಲಿ ಈ ತಲೆನೋವೇ ಇಲ್ಲ, ಆ್ಯಪ್ ಮಲಗಿದ್ದರೂ ನೋಟಿಫಿಕೇಶನ್ ಆ್ಯಪಲ್‌ನ ಸರ್ವರ್ ಮೂಲಕ ಬಂದು ಮುಟ್ಟುತ್ತದೆ.

ಸುರಕ್ಷತೆಯಲ್ಲೂ ಐಒಎಸ್ ಒಂದು ಕೈ ಮೇಲೆ. ಟ್ರಾಫಿಕ್ ದಂಡ, ಮದುವೆ ಆಮಂತ್ರಣ ಅಂತ ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಫೈಲು (ಆಂಡ್ರಾಯ್ಡ್ ಆ್ಯಪ್ ಅಳವಡಿಸುವ ಫೈಲು) ಅಲ್ಲಿ ನಡೆಯುವುದೇ ಇಲ್ಲ. ವನ್ ಯುಐನಲ್ಲಿ ‘ಸೆಕ್ಯುರಿಟಿ ಅಂಡ್ ಪ್ರೈವಸಿ’ಯೊಳಗಿನ ‘ಆಟೋ ಬ್ಲಾಕರ್’ ಆನ್ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ. ಅಪ್ಪ ಅಮ್ಮನ ಫೋನಿನಲ್ಲಿ ಇದನ್ನು ಇವತ್ತೇ ಮಾಡಿ. ಕಳ್ಳರ ವಿಷಯಕ್ಕೆ ಬಂದರೆ, ಐಒಎಸ್ 17.3ರ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಮನೆ, ಆಫೀಸಿನ ಹೊರಗೆ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಒಂದು ಗಂಟೆ ಕಾಯಿಸುತ್ತದೆ. ಆಂಡ್ರಾಯ್ಡ್‌ನ ‘ಥೆಫ್ಟ್ ಡಿಟೆಕ್ಷನ್ ಲಾಕ್’ ಫೋನ್ ಕಿತ್ತುಕೊಂಡು ಓಡಿದರೆ ಪರದೆಯನ್ನು ಲಾಕ್ ಮಾಡುತ್ತದೆ.

ಬ್ಯಾಟರಿ? ಮೆಜೆಸ್ಟಿಕ್, ಚಿಕ್ಕಪೇಟೆಯ ಮೆಟ್ರೊ ಸುರಂಗದಲ್ಲಿ ಸಿಗ್ನಲ್ ಹುಡುಕುತ್ತಾ ಎಲ್ಲ ಫೋನೂ ಸೋರುತ್ತದೆ. ನೆಟ್‌ವರ್ಕನ್ನು 4ಜಿಗೆ ಇಳಿಸಿದರೆ ಉಳಿತಾಯ. ಚಾರ್ಜ್ 80%ಗೆ ನಿಲ್ಲಿಸುವ ಆಯ್ಕೆ ವನ್ ಯುಐನಲ್ಲಿದೆ. ಐಫೋನಿನಲ್ಲಾದರೆ 15ರಿಂದ ಮೇಲೆ ಮಾತ್ರ.

ಸೆಟ್ಟಿಂಗ್ಸ್ ಮುಟ್ಟಲೇ ಬೇಡ ಎನ್ನುವವರು, ಅರವತ್ತು ಸಾವಿರ ಕೈಯಲ್ಲಿದ್ದರೆ, ಐಫೋನೇ ತಗೊಳ್ಳಲಿ. ಮೇಲಿನ ಕೆಲಸಕ್ಕೆ ಹತ್ತು ನಿಮಿಷ ಕೊಡಬಲ್ಲವರು ಮಿಕ್ಕ ನಲವತ್ತು ಸಾವಿರ ಉಳಿಸಬಹುದು.